ಎಡೆದೊರೆ ನಾಡಿನ ಸಂಧಿಗಳು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದರೆ, ಮುಂದಿನ ಕಾಲದ ಇತಿಹಾಸ ಗ್ರಂಥಗಳು ಅದನ್ನು ರಾಯಚೂರು ದೋಆಬ್ ಎಂದು ಗುರುತಿಸುತ್ತವೆ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳು ಈ ಭೂಭಾಗದೊಳಗೇ ಇವೆ. ಎರಡು ರಾಜ್ಯಗಳು ಒಂದೇ ನೆಲವನ್ನು ತಮ್ಮದೆಂದು ಸಾಧಿಸತೊಡಗಿದಾಗ ಯುದ್ಧ ಹೇಗೆ ಹುಟ್ಟುತ್ತದೆ, ಯಾವಾಗ ನಿಲ್ಲುತ್ತದೆ, ನಿಂತದ್ದು ಯಾಕೆ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ಪ್ರಶ್ನೆಗಳನ್ನು ಇಂದು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಚರ್ಚಿಸುವವರು ಬಹುಮಟ್ಟಿಗೆ ಯುರೋಪಿನ ಚರಿತ್ರೆಯಿಂದಲೇ ನಿದರ್ಶನಗಳನ್ನು ಎತ್ತಿಕೊಳ್ಳುತ್ತಾರೆ. ಆದರೆ 14ನೆಯ ಶತಮಾನದ ನಡುಗಾಲದಿಂದ 1565ರವರೆಗೆ, ಮೊದಲು ವಿಜಯನಗರ ಮತ್ತು ಬಹಮನಿ, ಆಮೇಲೆ ವಿಜಯನಗರ ಮತ್ತು ವಿಜಾಪುರ, ಹೀಗೆ ಎರಡು ಶತಮಾನಗಳ ಕಾಲ ಕೈಯಿಂದ ಕೈಗೆ ದಾಟುತ್ತ ಬಂದ ಈ ನಾಡಿನಲ್ಲಿ ಅಂಥ ಚರ್ಚೆಗೆ ಬೇಕಾದ ಸಾಮಗ್ರಿ ಸಮೃದ್ಧವಾಗಿದೆ. ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ನೆಲ ಯಾರದೆಂದು ಕಡೆಯ ಮಾತಾಗಿ ತೀರ್ಮಾನಿಸಲು ಹೊರಟ ಸಂಧಿಗಳಲ್ಲಿ ಒಂದೂ ಇಲ್ಲಿ ಬಾಳಲಿಲ್ಲ, ಜಗಳವನ್ನು ಎಷ್ಟರ ಮಟ್ಟಿಗೆ, ಯಾವ ಕಟ್ಟಳೆಯೊಳಗೆ ಆಡಬಹುದು ಎಂದು ಮೇರೆ ಹಾಕಿದ ಏರ್ಪಾಟುಗಳು ಮಾತ್ರ, ಕುಂಟುತ್ತಲಾದರೂ, ಉಳಿದುಕೊಂಡವು.

ಈ ಭೇದವನ್ನು ವಿಶದಪಡಿಸಲು ಶಾಸ್ತ್ರಕಾರರು ಬಳಸುವ ಕೆಲವು ಪರಿಭಾಷೆಗಳು ನೆರವಾಗುತ್ತವೆ. ಹೊಡೆದಾಟ ನಿಂತಿದೆ ಎಂಬಷ್ಟೇ ಅರ್ಥದ ಶಾಂತಿಯನ್ನು ನಾರ್ವೆಯ ಸಮಾಜವಿಜ್ಞಾನಿ ಯೊಹಾನ್ ಗಾಲ್ಟುಂಗ್ 1960ರ ದಶಕದಲ್ಲಿ ಋಣಾತ್ಮಕ ಶಾಂತಿ ಎಂದೂ, ಹೊಡೆದಾಟಕ್ಕೆ ಕಾರಣವಾದ ಅನ್ಯಾಯ ಮತ್ತು ಅಸಮಾನತೆಗಳು ಕರಗಿದ ಸ್ಥಿತಿಯನ್ನು ಧನಾತ್ಮಕ ಶಾಂತಿ ಎಂದೂ ಬೇರ್ಪಡಿಸಿದರು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಬುತ್ರೋಸ್ ಘಾಲಿ 1992ರಲ್ಲಿ ಹೊರತಂದ ವರದಿಯು, ಕಾದಾಡುವವರನ್ನು ಮಾತುಕತೆಗೆ ಕೂರಿಸುವ ಕೆಲಸ, ಒಪ್ಪಂದವಾದ ಮೇಲೆ ಕಾವಲು ನಿಲ್ಲುವ ಕೆಲಸ ಮತ್ತು ಜಗಳ ಮರುಕಳಿಸದಂತೆ ಸಂಸ್ಥೆಗಳನ್ನು ಕಟ್ಟುವ ಕೆಲಸ ಈ ಮೂರನ್ನೂ ಬೇರೆ ಬೇರೆಯಾಗಿ ವಿವರಿಸಿತು. ಕಡೆಯದಕ್ಕೆ ಶಾಂತಿನಿರ್ಮಾಣ ಎಂದು ಹೆಸರು. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಮೊದಲನೆಯದು. ಎಷ್ಟೋ ವರ್ಷ ಯಾರ ಗಮನಕ್ಕೂ ಬಾರದೆ ನಡೆಯಬೇಕಾದದ್ದು ಕಡೆಯದು.

ಎಡೆದೊರೆ ನಾಡಿನಲ್ಲಿ ಈ ವಿಚಾರದ ಅತ್ಯಂತ ಹಳೆಯ ದಾಖಲೆ ಮಸ್ಕಿಯ ಬಂಡೆಯ ಮೇಲಿದೆ. ಹಟ್ಟಿಯ ಆಸುಪಾಸಿನ ಚಿನ್ನದ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಗುರುತಿಸಿದರು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಅರಸನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಕಾಣಿಸಿಕೊಂಡಿದ್ದನು. ಅಶೋಕ ಎಂಬ ಹೆಸರನ್ನೇ ಹೊತ್ತ ಮೊದಲ ಶಾಸನ ಇದಾದ್ದರಿಂದ ಬಿರುದು ಮತ್ತು ಹೆಸರು ಎರಡೂ ಒಬ್ಬನವೇ ಎಂಬುದು ಖಚಿತವಾಯಿತು. ಶಾಲೆಯ ಪಠ್ಯಗಳಲ್ಲಿ ಮಸ್ಕಿಯ ಮಹತ್ವ ಇಲ್ಲಿಗೇ ನಿಂತುಬಿಡುತ್ತದೆ. ಶಾಸನದ ತಿರುಳಾದರೋ ಬೇರೆ: ಧರ್ಮದ ದಾರಿಯಲ್ಲಿ ಮೇಲೇರುವುದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಯಾರೂ ತಿಳಿಯಬಾರದು, ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲನು ಎಂಬುದು ಅದರ ಸಾರ.

ಕಳಿಂಗ ಯುದ್ಧದ ಪಶ್ಚಾತ್ತಾಪ ಹೆಸರಾಗಿರುವಷ್ಟು, ಆ ಪಶ್ಚಾತ್ತಾಪವನ್ನು ಕಳಿಂಗದವರಿಗೆ ಹೇಳಲಿಲ್ಲ ಎಂಬ ಸಂಗತಿ ಹೆಸರಾಗಿಲ್ಲ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು ಎಂದು ಲೆಕ್ಕ ಕೊಟ್ಟು ದುಃಖಪಡುವ 13ನೆಯ ಬಂಡೆ ಶಾಸನವು ಒಡಿಶಾದ ಧೌಲಿಯಲ್ಲಿಯೂ ಇಲ್ಲ, ಜೌಗಡದಲ್ಲಿಯೂ ಇಲ್ಲ. ಅದರ ಜಾಗದಲ್ಲಿ ಅಲ್ಲಿ ಇರುವುದು ಅಧಿಕಾರಿಗಳನ್ನು ಉದ್ದೇಶಿಸಿದ ಎರಡು ಪ್ರತ್ಯೇಕ ಶಾಸನಗಳು: ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಹಿಂಸಿಸಬಾರದು, ಐದು ವರ್ಷಕ್ಕೊಮ್ಮೆ ತಪಾಸಣೆಯ ಪ್ರವಾಸ ನಡೆಯಬೇಕು, ಪುಷ್ಯ ನಕ್ಷತ್ರದ ದಿನಗಳಲ್ಲಿ ಈ ಆಜ್ಞೆಯನ್ನು ಜನರಿಗೆ ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಆಗಿದ್ದರೂ ಓದಬೇಕು. ಇವೇ ಪ್ರತ್ಯೇಕ ಶಾಸನಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ 1980ರ ದಶಕದಲ್ಲಿ ಬೆಳಕಿಗೆ ಬಂದವು. ತನ್ನ ಪಂಥವನ್ನು ಹೊಗಳುವಾಗಲೂ ಪರರ ಪಂಥವನ್ನು ತೆಗಳುವಾಗಲೂ ನಾಲಿಗೆಗೆ ಹಿಡಿತವಿರಬೇಕು ಎನ್ನುವ 12ನೆಯ ಶಾಸನವೂ ಅದೇ ಕಲ್ಲಿನಲ್ಲಿದೆ. ಗೆದ್ದವನ ಕಣ್ಣೀರಿಗಿಂತ ಸೋತವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಧಿಕಾರಿಗಳ ಕೈಕಟ್ಟುವ ಈ ಕ್ರಮಗಳೇ ಆಗಿರಬೇಕು. ಮಸ್ಕಿಯ ಬಂಡೆಯಾದರೋ ಮುಂದಿನ ಯುದ್ಧಗಳನ್ನೇನೂ ತಡೆಯಲಿಲ್ಲ. 11ನೆಯ ಶತಮಾನದ ಮೊದಲ ಪಾದದಲ್ಲಿ ರಾಜೇಂದ್ರ ಚೋಳನಿಗೂ ಚಾಲುಕ್ಯ ಜಯಸಿಂಹನಿಗೂ ಕಾಳಗ ನಡೆದ ಮುಸಂಗಿ ಎಂಬ ಊರು ಈ ಮಸ್ಕಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಆ ಹೊತ್ತಿಗೆ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲ.

ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆಯ ಕಥೆ ಇದಕ್ಕಿಂತ ತೊಡಕಿನದು, ಮತ್ತು ಇನ್ನೂ ಹೆಚ್ಚು ಬೋಧಕವಾದದ್ದು. ವಿಜಾಪುರದ ಆಸ್ಥಾನದಲ್ಲಿದ್ದು 17ನೆಯ ಶತಮಾನದ ಆರಂಭದಲ್ಲಿ ದಖ್ಖನಿನ ಇತಿಹಾಸವನ್ನು ಬರೆದ ಫೆರಿಷ್ತಾ ಹೇಳುವಂತೆ, ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾ ಕಲಬುರಗಿಯ ಔತಣಕೂಟವೊಂದರಲ್ಲಿ ಮುನ್ನೂರು ಮಂದಿ ಗಾಯಕರಿಗೆ ಕೊಡಬೇಕಾದ ಸಂಭಾವನೆಯನ್ನು ವಿಜಯನಗರದ ಖಜಾನೆಯಿಂದ ವಸೂಲು ಮಾಡುವಂತೆ ಬರೆದುಕೊಟ್ಟನು. ಬುಕ್ಕರಾಯನು ಆ ಪತ್ರ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿ ಅಟ್ಟಿದನು. 1366ರ ಸುಮಾರಿಗೆ ತುಂಗಭದ್ರೆ ದಾಟಿ ಮುದಗಲ್ಲನ್ನು ಹಿಡಿದು ಅಲ್ಲಿದ್ದವರನ್ನು ಕೊಲ್ಲಿಸಿದನು. ಸುದ್ದಿ ಕೇಳಿದ ಸುಲ್ತಾನ ಒಂದು ಲಕ್ಷ ಜನರನ್ನು ಕೊಲ್ಲುವವರೆಗೆ ಕತ್ತಿಯನ್ನು ಒರೆಗೆ ಸೇರಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದನು. ಮುಂದೆ ನಡೆದ ಕೊಲೆಗೆ ಫೆರಿಷ್ತಾ ಕೊಡುವ ಲೆಕ್ಕ ನಂಬುವಂಥದ್ದಲ್ಲ. ಸುತ್ತು ಸಂಖ್ಯೆಗಳ ಮೋಹ ಎಲ್ಲ ಆಸ್ಥಾನಗಳ ಬರಹಗಾರರಿಗೂ ಇದ್ದದ್ದೇ. ಆದರೆ ಆ ಯುದ್ಧ ಮುಗಿದ ಬಗೆಯನ್ನು ಆತ ವಿವರಿಸುವ ಭಾಗ ಲಕ್ಷ್ಯಕ್ಕೆ ಯೋಗ್ಯವಾಗಿದೆ.

ಸಂಧಿಗೆ ಬಂದ ವಿಜಯನಗರದ ರಾಯಭಾರಿಗಳ ಮುಂದೆ ಸುಲ್ತಾನ ಮೊದಲು ಇಟ್ಟ ಷರತ್ತು, ಗಾಯಕರ ಹಣ ಸಲ್ಲಬೇಕು ಎಂಬುದು. ಇಷ್ಟು ಕ್ಷುಲ್ಲಕವಾದ ಮಾತು ಯಾಕೆಂದು ಇಂದು ಅನ್ನಿಸಬಹುದಾದರೂ, ಮಾನದ ಪ್ರಶ್ನೆ ಬಗೆಹರಿಯದೆ ಪ್ರಾಣದ ಪ್ರಶ್ನೆಗೆ ಯಾರೂ ಬರುವುದಿಲ್ಲ ಎಂಬುದನ್ನು ರಾಯಭಾರಿಗಳು ಬಲ್ಲವರಾಗಿದ್ದರು. ಹಣವನ್ನು ಅಲ್ಲಿಯೇ ಸಲ್ಲಿಸಿಬಿಟ್ಟರು. ಆಮೇಲೆ ಅವರು ಎತ್ತಿದ ಮಾತು ಬೇರೆಯ ತೂಕದ್ದು: ಎರಡೂ ರಾಜ್ಯಗಳು ನೆರೆಹೊರೆಯವು, ಮುಂದೆಯೂ ಯುದ್ಧಗಳು ಆಗುತ್ತವೆ, ಆದಕಾರಣ ನಿರಾಯುಧರಾದ ಬಡಪ್ರಜೆಗಳನ್ನು ಕೊಲ್ಲಬಾರದೆಂಬ ನಿಯಮವೊಂದು ಇರಲಿ. ಗೆಲುವಿನ ನಂತರ ಯಾರನ್ನೂ ಕೊಲ್ಲುವುದಿಲ್ಲವೆಂದೂ, ತನ್ನ ಉತ್ತರಾಧಿಕಾರಿಗಳೂ ಹೀಗೆಯೇ ನಡೆಯುವಂತೆ ಕಟ್ಟು ಮಾಡುವುದಾಗಿಯೂ ಸುಲ್ತಾನ ಮಾತು ಕೊಟ್ಟನು. ಅಂದಿನಿಂದ ದಖ್ಖನಿನಲ್ಲಿ ಸೆರೆಯಾಳುಗಳನ್ನೂ ನಿರಾಯುಧ ಜನರನ್ನೂ ಕೊಲ್ಲದಿರುವುದು ಸಾಮಾನ್ಯ ವಾಡಿಕೆಯಾಯಿತು ಎಂದು ಫೆರಿಷ್ತಾ ಷರಾ ಬರೆಯುತ್ತಾನೆ.

ಘಟನೆಗೆ ಎರಡೂವರೆ ಶತಮಾನಗಳ ತರುವಾಯ, ಒಂದು ಪಕ್ಷದ ಆಸ್ಥಾನದಲ್ಲಿ ಕುಳಿತು ಬರೆದ ವೃತ್ತಾಂತ ಇದೆಂಬುದನ್ನು ಮರೆಯುವಂತಿಲ್ಲ. ನಿಯಮವು ಮುರಿಯಲ್ಪಟ್ಟದ್ದಕ್ಕೂ ಅದೇ ಗ್ರಂಥದಲ್ಲಿ ಸಾಕ್ಷಿಯಿದೆ. 1420ರ ದಶಕದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ನಡೆಸಿದ ದಂಡಯಾತ್ರೆಯ ವರ್ಣನೆ ಓದಿದವರಿಗೆ ಅದು ಸ್ಪಷ್ಟವಾಗುತ್ತದೆ. ಆದರೂ ರಾಯಭಾರಿಗಳ ವಾದದ ಸ್ವರೂಪವನ್ನು ಗಮನಿಸಬೇಕು. ಅವರು ಯುದ್ಧವೇ ಬೇಡವೆನ್ನಲಿಲ್ಲ, ಮುದಗಲ್ ಯಾರದೆಂಬ ವಿವಾದಕ್ಕೆ ಕೈಹಾಕಲಿಲ್ಲ. ಯುದ್ಧ ನಡೆಯಲಿದೆ ಎಂಬುದನ್ನು ಒಪ್ಪಿಕೊಂಡು ಅದರೊಳಗೆ ಒಂದು ಗೆರೆ ಎಳೆದರು. ಯುದ್ಧದಲ್ಲಿ ಯಾರ ಮೇಲೆ ಕೈಮಾಡಬಾರದು ಎಂಬುದನ್ನು ನಿರ್ಧರಿಸುವ ಇಂದಿನ ಮಾನವೀಯ ಕಾನೂನು, ಅಂದರೆ 1864ರಲ್ಲಿ ಆರಂಭವಾಗಿ 1949ರಲ್ಲಿ ನಾಲ್ಕು ಒಡಂಬಡಿಕೆಗಳಾಗಿ ರೂಪುಗೊಂಡ ಜಿನೀವಾ ನಿಯಮಾವಳಿ, ನಿಂತಿರುವುದು ಇದೇ ತರ್ಕದ ಮೇಲೆ. ಯುದ್ಧ ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಹೋರಾಡದವನನ್ನು ಬಿಡು ಎಂದಷ್ಟೇ ಅದು ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಮುದಗಲ್ಲಿನದೇ. 1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯನು ವಿಜಾಪುರದ ಇಸ್ಮಾಯಿಲ್ ಆದಿಲ್ ಷಾಹನನ್ನು ಸೋಲಿಸಿದ ಮೇಲೆ ಸಂಧಿಗಾಗಿ ಬಂದ ರಾಯಭಾರಿಯನ್ನು ಬಹಳ ದಿನ ಕಾಯಿಸಿ, ಆದಿಲ್ ಷಾ ತಾನೇ ಬಂದು ಪಾದಕ್ಕೆ ಮುತ್ತಿಟ್ಟರೆ ಕಳೆದುಕೊಂಡದ್ದನ್ನೆಲ್ಲ ಹಿಂದಿರುಗಿಸುವುದಾಗಿ ಹೇಳಿಕಳಿಸಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಭೇಟಿಗೆ ಗೊತ್ತಾದ ಸ್ಥಳ ಗಡಿಯ ಮುದಗಲ್. ರಾಯನು ಅಲ್ಲಿಗೆ ಬಂದನು, ಆದಿಲ್ ಷಾ ಬರಲಿಲ್ಲ. ರಾಯನು ಕೋಪಗೊಂಡು ವಿಜಾಪುರದವರೆಗೂ ನುಗ್ಗಿ, ಅಲ್ಲಿ ನೀರು ಸಾಲದೆ ಹಿಂದಿರುಗಿದನು. ಗೆದ್ದವನು ಸೋತವನಿಗೆ ನೆಲವನ್ನು ಬಿಟ್ಟುಕೊಡಲು ಸಿದ್ಧನಿದ್ದರೂ ಮಾನವನ್ನು ಬಿಟ್ಟುಕೊಡಲು ಸಿದ್ಧನಿರದ ಕಾರಣ ಸಂಧಿ ಕೈತಪ್ಪಿತು. ಕನ್ನಡಿಗರ ಸ್ಮರಣೆಯಲ್ಲಿ ರಾಯಚೂರು ವಿಜಯಕ್ಕೆ ಇರುವ ಸ್ಥಾನ ದೊಡ್ಡದು. ಮುದಗಲ್ಲಿನ ಆ ನಡೆಯದ ಭೇಟಿಗೆ ಅದರಲ್ಲಿ ಸ್ಥಾನವೇ ಇಲ್ಲದಿರುವುದು ನ್ಯಾಯವಲ್ಲ, ಯಾಕೆಂದರೆ ವಿಜಯಕ್ಕಿಂತ ದೂರಗಾಮಿಯಾದದ್ದು ಈ ವೈಫಲ್ಯವೇ. ಅನಂತರದ ಪೀಳಿಗೆಯಲ್ಲಿ ಅಲೀ ಆದಿಲ್ ಷಾ, ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ತಾನೇ ವಿಜಯನಗರಕ್ಕೆ ಹೋದನು. ರಾಮರಾಯನ ಮಡದಿ ಅವನನ್ನು ಮಗನಂತೆ ಸ್ವೀಕರಿಸಿದಳು. ಆದರೆ ಹೊರಡುವಾಗ ರಾಯನು ನಗರದ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲವೆಂಬ ನೋವು ಅವನಲ್ಲಿ ಉಳಿಯಿತೆಂದು ಫೆರಿಷ್ತಾ ಹೇಳುತ್ತಾನೆ. ರಾಯಚೂರು ಮತ್ತು ಮುದಗಲ್ ಕೋಟೆಗಳನ್ನು ಹಿಂದಿರುಗಿಸಬೇಕೆಂದು ಕೇಳಲು ಹೋದ ವಿಜಾಪುರದ ದೂತನು ಅವಮಾನಿತನಾಗಿ ಮರಳಿದ ಮೇಲೆ 1565ರ ರಕ್ಕಸತಂಗಡಿ ಯುದ್ಧ ನಡೆದು ಆ ಕೋಟೆಗಳು ವಿಜಾಪುರದ ಪಾಲಾದವು.

ನಂತರದ ಶತಮಾನಗಳನ್ನು ಬೇಗ ದಾಟಬಹುದು. ಮೊಗಲರು, ನಿಜಾಮರು ಬಂದರು. ಸೈನ್ಯದ ಖರ್ಚಿನ ಬಾಕಿಗಾಗಿ 1853ರಲ್ಲಿ ನಿಜಾಮನು ದೋಆಬನ್ನು ಇಂಗ್ಲಿಷರ ವಶಕ್ಕೆ ಕೊಟ್ಟು, 1860ರಲ್ಲಿ ಮರಳಿ ಪಡೆದನು. ಲಿಂಗಸುಗೂರು ಕೆಲಕಾಲ ಜಿಲ್ಲಾ ಕೇಂದ್ರವೂ ದಂಡಿನ ಠಾಣೆಯೂ ಆಗಿತ್ತು. ಈ ನಾಡು ಅಕ್ಷರಶಃ ಅಂತರರಾಷ್ಟ್ರೀಯ ಚರ್ಚೆಯ ವಸ್ತುವಾದದ್ದು 1948ರಲ್ಲಿ. 1947ರ ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್‌ಗಳ ನಡುವೆ ಆದ ಯಥಾಸ್ಥಿತಿ ಒಪ್ಪಂದ, ಅಂದರೆ ವಿಲೀನದ ಪ್ರಶ್ನೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ ಇದ್ದದ್ದನ್ನು ಇದ್ದಂತೆ ನಡೆಸುವ ಕರಾರು, ಎರಡೂ ಕಡೆಯ ದೂರುಗಳ ಭಾರಕ್ಕೆ ಕುಸಿಯಿತು. ಆಗಸ್ಟ್ 1948ರಲ್ಲಿ ನಿಜಾಂ ಸರ್ಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಪ್ಯಾರಿಸ್ಸಿನಲ್ಲಿ ಸೇರಿದ ಮಂಡಳಿ ಸೆಪ್ಟೆಂಬರ್ 16ರಂದು ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ 13ರಂದೇ ಆರಂಭವಾಗಿದ್ದ ಸೈನಿಕ ಕಾರ್ಯಾಚರಣೆ ಮುಗಿಯುತ್ತ ಬಂದಿತ್ತು. 17ರಂದು ಹೈದರಾಬಾದ್ ಶರಣಾಯಿತು, ಕೆಲವೇ ದಿನಗಳಲ್ಲಿ ನಿಜಾಮನು ದೂರನ್ನು ಹಿಂತೆಗೆದುಕೊಂಡನು. ನಿಜಾಮನ ಪರವಾಗಿದ್ದ ರಜಾಕಾರರ ದೌರ್ಜನ್ಯ ಕೊನೆಗೊಂಡ ಆ ದಿನವನ್ನು ಕಲ್ಯಾಣ ಕರ್ನಾಟಕ ಇಂದಿಗೂ ಆಚರಿಸುತ್ತದೆ. ಕಾರ್ಯಾಚರಣೆಯ ಬಳಿಕ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿಯ ವರದಿ ಮಾತ್ರ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದು ನೋವನ್ನು ಬಹಿರಂಗವಾಗಿ ನೆನೆದು ಇನ್ನೊಂದನ್ನು ಕಡತದಲ್ಲಿ ಮುಚ್ಚಿಟ್ಟ ಕಡೆ ಋಣಾತ್ಮಕ ಶಾಂತಿ ಬೇಗ ಸಿಕ್ಕೀತು. ಇನ್ನೊಂದು ಬಗೆಯ ಶಾಂತಿಗೆ ಬಹಳ ಕಾಲ ಹಿಡಿಯುತ್ತದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ 2012ರಲ್ಲಿ ಸೇರಿದ 371(ಜೆ) ವಿಧಿಯು ಈ ಪ್ರದೇಶಕ್ಕೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ ಕೊಟ್ಟದ್ದನ್ನು ಆ ದೀರ್ಘ ಕೆಲಸದ ತಡವಾದ ಕಂತೆಂದು ಪರಿಗಣಿಸಬಹುದು.

ಎರಡು ಪ್ರತಿಸ್ಪರ್ಧಿ ಸರ್ಕಾರಗಳು ಕೂಡಿ ಕಟ್ಟಿದ ಬಾಳುವ ಏರ್ಪಾಟು ಈ ನಾಡಿನಲ್ಲಿ ಇದ್ದರೆ ಅದು ತುಂಗಭದ್ರಾ ಅಣೆಕಟ್ಟು. ನದಿಯ ಎಡದಂಡೆ ನಿಜಾಮನದು, ಬಲದಂಡೆ ಮದರಾಸಿನದು. 1860ರ ದಶಕದಷ್ಟು ಹಿಂದೆಯೇ ಮೊಳೆತಿದ್ದ ಯೋಜನೆ ನೀರು ಹಂಚಿಕೆಯ ತಕರಾರಿನಲ್ಲಿ ಎಂಟು ದಶಕ ಕೊಳೆಯಿತು. 1944ರಲ್ಲಿ ಎರಡೂ ಸರ್ಕಾರಗಳು, ನದಿಯ ಒಡೆತನದ ವಾದವನ್ನು ಬದಿಗಿಟ್ಟು, ಸಮಪಾಲಿನಲ್ಲಿ ತಲಾ 65 ಟಿಎಂಸಿ ನೀರು ಬಳಸುವುದಕ್ಕೆ ಒಪ್ಪಿದವು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ಬೇರಾರಿನ ರಾಜಕುಮಾರನೂ ಬಲದಂಡೆಯಲ್ಲಿ ಮದರಾಸಿನ ಗವರ್ನರನೂ ಬೇರೆ ಬೇರೆ ಅಡಿಗಲ್ಲುಗಳನ್ನಿಟ್ಟರು, ಎರಡು ಸರ್ಕಾರಗಳ ಎಂಜಿನಿಯರುಗಳು ಎರಡು ಕಡೆಯಿಂದ ಕಟ್ಟುತ್ತ ಬಂದರು. 1948ರ ಸೈನಿಕ ಕಾರ್ಯಾಚರಣೆ ಈ ಅವಧಿಯ ನಡುವೆಯೇ ಬಂದುಹೋಯಿತು. 1953ರಲ್ಲಿ ಜಲಾಶಯ ನೀರು ಹಿಡಿಯಿತು; ಅದೇ ವರ್ಷ ಆಂಧ್ರ ರಾಜ್ಯ ಹುಟ್ಟಿದಾಗ ತುಂಗಭದ್ರಾ ಮಂಡಳಿ ರಚನೆಯಾಯಿತು. ಆಮೇಲೆ ಹೈದರಾಬಾದ್ ರಾಜ್ಯ ಕರಗಿತು, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ತೆಲಂಗಾಣ ಬೇರೆಯಾಯಿತು. ಒಪ್ಪಂದಕ್ಕೆ ಸಹಿ ಹಾಕಿದ ಎರಡೂ ಸರ್ಕಾರಗಳು ಆ ರೂಪದಲ್ಲಿ ಇಂದು ಇಲ್ಲ, ಆದರೆ ಮಂಡಳಿ ಈಗಲೂ ಸಭೆ ಸೇರುತ್ತದೆ.

1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿಯು 1973 ಮತ್ತು 1976ರ ತನ್ನ ವರದಿಗಳಲ್ಲಿ ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿತು. ತುಂಗಭದ್ರಾ ಜಲಾಶಯದಲ್ಲಿ ಪ್ರತಿ ವರ್ಷ ಎಷ್ಟು ನೀರು ಸಿಗಬಹುದೆಂದು ತುಂಗಭದ್ರಾ ಮಂಡಳಿ ಅಂದಾಜು ಮಾಡಿ, ಕೊರತೆಯಿದ್ದರೆ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. ಒಡೆತನದ ಪ್ರಶ್ನೆ ಇಲ್ಲಿ ಬಗೆಹರಿದಿಲ್ಲ. ಅದು ಪ್ರತಿ ವರ್ಷ ಅಂಕಿಗಳ ಪ್ರಶ್ನೆಯಾಗಿ ಮರುಹುಟ್ಟು ಪಡೆಯುತ್ತದೆ, ಅಷ್ಟೆ. ಭಾರತ ಮತ್ತು ಪಾಕಿಸ್ತಾನಗಳ 1960ರ ಸಿಂಧೂ ಜಲ ಒಪ್ಪಂದವು 1965, 1971 ಮತ್ತು 1999ರ ಯುದ್ಧಗಳನ್ನು ದಾಟಿ ಬಂದದ್ದೂ ಎರಡು ದೇಶಗಳ ಆಯುಕ್ತರು ಕೂತು ಅಂಕಿಗಳನ್ನು ಹಂಚಿಕೊಳ್ಳುವ ಇಂಥದೇ ಏರ್ಪಾಟಿನ ಬಲದಿಂದ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಲ್ಲೇ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಯಾವ ಸಂಸ್ಥೆಯೂ ತನ್ನನ್ನು ಕಟ್ಟಿದವರ ಮನಸ್ಸಿಗಿಂತ ಗಟ್ಟಿಯಾಗಿರಲಾರದು.

ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿಗೆ ಬರಿಯ ನೀರನ್ನಷ್ಟೇ ತರಲಿಲ್ಲ. ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳಿಗೂ, ಬರ್ಮಾದಿಂದ ಮರಳಿದವರಿಗೂ ಸರ್ಕಾರ ಈ ತಾಲೂಕಿನಲ್ಲಿ ಪುನರ್ವಸತಿ ಕಲ್ಪಿಸಿತು. ಆರ್.ಎಚ್. ಕ್ಯಾಂಪುಗಳೆಂದು ಇಂದಿಗೂ ಹೆಸರಾಗಿರುವ ಈ ಊರುಗಳಲ್ಲಿ ಭತ್ತ ಬೆಳೆಯುತ್ತ ಅರ್ಧ ಶತಮಾನ ಕಳೆದವರ ಪೈಕಿ ಕೆಲವರ ಪೌರತ್ವದ ಕಾಗದಗಳು ಇತ್ಯರ್ಥವಾದದ್ದು 2024ರಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಜಾರಿಗೆ ಬಂದ ಮೇಲೆ. ದೂರದ ಒಂದು ಗಡಿಯ ಜಗಳ ಮುಗಿಯಿತೆಂದು ಚರಿತ್ರೆಯ ಪುಸ್ತಕ ಹೇಳಿದ ಎಷ್ಟೋ ವರ್ಷಗಳ ತನಕ ಅದು ತಹಸೀಲ್ದಾರ್ ಕಚೇರಿಯ ಸರದಿಯಲ್ಲಿ ಮುಂದುವರಿಯುತ್ತದೆ.

ರಾಜ್ಯಗಳ ನಡುವಣ ಜಗಳಕ್ಕೆ ಸಿಕ್ಕಷ್ಟು ಕಟ್ಟುಪಾಡು ಒಂದೇ ಕಾಲುವೆಯ ಮೇಲ್ಭಾಗದವರಿಗೂ ಕೊನೆಭಾಗದವರಿಗೂ ನಡುವಣ ಜಗಳಕ್ಕೆ ಸಿಕ್ಕಿಲ್ಲ. ಯಾವ ಜಮೀನಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತುಪಡಿಸುವ ಪದ್ಧತಿಯಂತೆ 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಬಹುಭಾಗ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಮೀಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಪಂಪ್‌ಸೆಟ್‌ಗಳು ಕಾಲುವೆಗೆ ಇಳಿದವು. ಸಿಂಧನೂರಿನಿಂದ ಮುಂದೆ, ಮಾನ್ವಿ ಮತ್ತು ರಾಯಚೂರು ಕಡೆಯ ರೈತರಿಗೆ 69ನೆಯ ಮೈಲಿನಲ್ಲಿ ಮತ್ತು 104ನೆಯ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂಬುದೇ ವರ್ಷದ ಮುಖ್ಯ ಸುದ್ದಿಯಾಯಿತು. ಹಂಗಾಮಿಗೆ ಮುಂಚೆ ನೀರಾವರಿ ಸಲಹಾ ಸಮಿತಿ ಸೇರಿ ನೀರು ಬಿಡುವ ದಿನಾಂಕಗಳನ್ನು ನಿರ್ಧರಿಸುತ್ತದೆ. ಆಮೇಲೆ ಕಾಲುವೆಯುದ್ದಕ್ಕೂ ನಿಷೇಧಾಜ್ಞೆ, ಪೊಲೀಸ್ ಕಾವಲು, ರಸ್ತೆತಡೆ. ಮಸ್ಕಿ ತಾಲೂಕಿನ ಹಲವು ಹಳ್ಳಿಗಳಿಗಂತೂ ತುಂಗಭದ್ರೆಯ ನೀರೂ ಇಲ್ಲ, ಕೃಷ್ಣೆಯ ನೀರೂ ಇಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ 2020ರ ಕೊನೆಯಲ್ಲಿ ಆರಂಭವಾದ ರೈತರ ಧರಣಿ ತಿಂಗಳುಗಟ್ಟಲೆ ನಡೆದು 2021ರ ಉಪಚುನಾವಣೆಯ ಮುಖ್ಯ ವಿಷಯವಾಯಿತು. ಮೇಲ್ಭಾಗ ಮತ್ತು ಕೊನೆಭಾಗದ ರೈತರೇ ನೇರವಾಗಿ ಎದುರುಬದುರು ಕೂತು ಅಂಕಿಗಳನ್ನು ನೋಡುವ, ಎರಡೂ ಕಡೆಯವರು ನಂಬುವ ಒಂದು ಸ್ಥಾಯಿ ವೇದಿಕೆ ಇಲ್ಲದಿರುವುದೇ ಇಲ್ಲಿನ ನಿಜವಾದ ಕೊರತೆ.

ಈ ನಡುವೆ ಹಂಚಿಕೊಳ್ಳಬೇಕಾದ ನೀರೇ ಕುಗ್ಗುತ್ತಿದೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸಿಗೆ ಸಾಮರ್ಥ್ಯ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ಅದರ ಜಾಗಕ್ಕೆ ತಡೆಹಲಗೆಗಳನ್ನು ಇಳಿಸುವವರೆಗಿನ ಒಂದು ವಾರ ಎಲ್ಲ ರಾಜ್ಯಗಳ ರೈತರ ಎದೆಬಡಿತವೂ ಒಂದೇ ಆಗಿತ್ತು. ಹೂಳಿನಿಂದ ಕಳೆದುಹೋದ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬುದು ಕರ್ನಾಟಕದ ಪ್ರಸ್ತಾವ. ಅದಕ್ಕೆ ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಸಮ್ಮತಿ ಬೇಕು; ಹೆಚ್ಚುವರಿ ನೀರನ್ನು ಬಲದಂಡೆಯಲ್ಲಿ ಸಮಾಂತರ ಕಾಲುವೆ ತೋಡಿ ಒಯ್ಯುವ ಆಲೋಚನೆ ಆಂಧ್ರದ್ದು. ಎರಡೂ ಪ್ರಸ್ತಾವಗಳು ತುಂಗಭದ್ರಾ ಮಂಡಳಿಯ ಮುಂದಿವೆ.